ನಲವತ್ತೊಂದು ಸಲ ಮೊದಲ ಸಾಲು

ಗಿರಿನಗರದ ಶಂಭುಲಿಂಗಪ್ಪನವರ ಮಹಡಿ ಕೋಣೆಯಲ್ಲಿ ಹನ್ನೊಂದು ಸಿಂಥಸೈಜರುಗಳಿದ್ದವು. ಮುಗಿಸಿದ ಹಾಡು ಒಂದೂ ಇರಲಿಲ್ಲ. ಹಾಗೆಂದು ಯಾರಾದರೂ ಅವರ ಮುಖಕ್ಕೆ ಹೇಳಿದ್ದರೂ ಅವರು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಹಾಡು ಯಾರು ಬೇಕಾದರೂ ಮಾಡುತ್ತಾರೆ, ನಾದ ಗೊತ್ತಿರುವವರು ಕಡಿಮೆ ಎನ್ನುವುದು ಅವರ ಅಭಿಪ್ರಾಯವಾಗಿತ್ತು.

ಅಭಿಪ್ರಾಯಗಳು ಅವರಲ್ಲಿ ಧಾರಾಳವಾಗಿದ್ದವು. ಬನಶಂಕರಿಯ ತಮ್ಮ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸ್ವಿಚ್ಚು, ವೈರು, ಹೋಲ್ಡರು ಕೊಡುತ್ತಲೇ ಅವರು ಅವುಗಳನ್ನು ಹೊಸೆಯುತ್ತಿದ್ದರು. ಸಂಜೆ ಫೋನಿನ ಗುಂಪಿನಲ್ಲಿ ಹಾಕುತ್ತಿದ್ದರು. ಗುಂಪಿನ ಹೆಸರು ‘ನಾದಬಳಗ’, ಜಯನಗರ, ಜೆ.ಪಿ. ನಗರ, ಬಿಟಿಎಂ ಕಡೆಯ ಅರವತ್ತು ಎಪ್ಪತ್ತು ಮಂದಿ ಅದರಲ್ಲಿದ್ದರು. ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಹಳೆಯ ಅನಲಾಗ್ ಸಿಂಥ್ ಎಂದರೆ ಬಿಸಿ ಅನ್ನ ಎಂದು ಅವರು ಬರೆದಿದ್ದರು. ಡಿಜಿಟಲ್ ಸಿಂಥ್ ಫ್ರಿಜ್ಜಿನಲ್ಲಿಟ್ಟ ಅನ್ನ. ಕಂಪ್ಯೂಟರಿನೊಳಗೇ ತಯಾರಾಗುವ ನಾದ ಅನ್ನದ ಫೋಟೋ. ಕಂಪ್ಯೂಟರುಗಳ ಬಗ್ಗೆಯೂ ಹೀಗೆಯೇ. ವಿಂಡೋಸ್ ಬಾಡಿಗೆ ಮನೆ, ಓನರ್ ಯಾವಾಗ ಬಾಗಿಲು ಬಡಿಯುತ್ತಾನೋ ಗೊತ್ತಿಲ್ಲ. ಮ್ಯಾಕ್ ಕಲ್ಯಾಣ ಮಂಟಪ, ಚೆನ್ನಾಗಿದೆ, ಆದರೆ ಅಡುಗೆಯವನನ್ನೂ ಅವರೇ ಗೊತ್ತು ಮಾಡುತ್ತಾರೆ. ಲಿನಕ್ಸ್ ಮಾತ್ರ ಸ್ವಂತ ಸೈಟು. ಮನೆ ಯಾವತ್ತೂ ಕಟ್ಟಿ ಮುಗಿಯುವುದಿಲ್ಲ. ಈ ಕೊನೆಯದನ್ನು ಅವರು ಗೆಳೆಯ ಸೇತುರಾಮನಿಗಾಗಿ ಹೇಳಿದ್ದು. ಸೇತುರಾಮ ಜೆ.ಪಿ. ನಗರದಲ್ಲಿದ್ದ ನಿವೃತ್ತ ಬ್ಯಾಂಕ್ ನೌಕರ, ಲಿನಕ್ಸ್ ಭಕ್ತ, ಪ್ರತಿ ಭಾನುವಾರ ಗಿರಿನಗರಕ್ಕೆ ಬರುತ್ತಿದ್ದವನು.

ಸಿಂಥ್, ಮೈಕುಗಳ ಕೇಬಲ್ಲುಗಳನ್ನು ಶಂಭುಲಿಂಗಪ್ಪನವರು ಬೇರೆಡೆ ಕೊಳ್ಳುತ್ತಿರಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನ ಗಲ್ಲಾದ ಹಿಂದೆ ಕೂತು ತಾವೇ ಬೆಸುಗೆ ಹಾಕಿ, ಎರಡೂ ತುದಿಗೆ ಹಸಿರು ಟೇಪು ಸುತ್ತುತ್ತಿದ್ದರು. “ಸೌಂಡ್ ಹಾಳಾಗೋದು ಕೇಬಲ್‌ನಲ್ಲಿ ಗುರು. ಹಸಿರು ಟೇಪ್ ಇದ್ರೆ ಆ ಚಿಂತೆ ಬಿಡಿ” ಎನ್ನುತ್ತಿದ್ದರು.

ಒಮ್ಮೆ ಗುಂಪಿನಲ್ಲಿ ಯಾರೋ ಒಬ್ಬರು ಮಗಳು ಕೀಬೋರ್ಡ್ ನುಡಿಸುವ ವಿಡಿಯೋ ಹಾಕಿದರು. ಹಾಡು ಮುಗಿಯುವಷ್ಟೂ ಹೊತ್ತು ಕಾಯದೆ ಶಂಭುಲಿಂಗಪ್ಪನವರು ಬರೆದರು: “ಇದನ್ನ ಮಾರಿ ಒಂದು ಮಿಕ್ಸಿ ತಗೊಳ್ಳಿ ಸಾರ್. ಸೌಂಡೂ ಇದಕ್ಕಿಂತ ವಾಸಿ, ಚಟ್ನಿನೂ ಆಗುತ್ತೆ.” ಇಪ್ಪತ್ತಮೂರು ಜನ ನಕ್ಕ ಮುಖ ಒತ್ತಿದರು. ಆ ತಂದೆ ಗುಂಪಿನಿಂದ ಹೊರಗೆ ಹೋದರು. ಊಟಕ್ಕೆ ಕೂತಾಗ ಶಂಭುಲಿಂಗಪ್ಪನವರು ಹೆಂಡತಿಗೆ ಇಪ್ಪತ್ತಮೂರು ಎಂಬ ಸಂಖ್ಯೆಯನ್ನು ಮಾತ್ರ ಹೇಳಿದರು.

ಹೆಂಡತಿ ಅನ್ನಪೂರ್ಣ. ಕೊಪ್ಪಳದ ಕಡೆಯ ಹಳ್ಳಿಯವರು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಊರು ಹೋಗಿರಲಿಲ್ಲ. ಅವರ ತಾಯಿ ಶಿವಬಸಮ್ಮ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ನಾಲ್ಕು ಪದಗಳು ಅನ್ನಪೂರ್ಣರಿಗೆ ಬರುತ್ತಿದ್ದವು. ಒಬ್ಬಳೇ ಮಗಳು; ಅಣ್ಣನಿಗೆ ಬೀಸುವ ಕಲ್ಲಿನ ಹತ್ತಿರ ಕೆಲಸವಿರಲಿಲ್ಲ. ಮಾತುಗಳನ್ನು ಅವರು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಧಾಟಿಯನ್ನು ಬರೆದಿಡಲು ಅವರಿಗೆ ಬರುತ್ತಿರಲಿಲ್ಲ. ಅದು ಗಂಟಲಿನಲ್ಲಿ ಮಾತ್ರ ಇತ್ತು, ರೊಟ್ಟಿ ತಟ್ಟುವಾಗ ಹೊರಗೆ ಬರುತ್ತಿತ್ತು.

ಆ ದನಿಯ ಬಗ್ಗೆಯೂ ಶಂಭುಲಿಂಗಪ್ಪನವರಿಗೆ ಒಂದು ಅಭಿಪ್ರಾಯವಿತ್ತು. “ನಿನ್ನ ವಾಯ್ಸ್ ಚೆನ್ನಾಗಿದೆ ಕಣೆ, ಆದ್ರೆ ಎರಡು ಸಾವಿರ ಹರ್ಟ್ಜ್ ಹತ್ರ ಏನೋ ಒರಟು” ಎಂದು ಮದುವೆಯ ಮೊದಲ ವರ್ಷ ಹೇಳಿದ್ದರು. ಅನ್ನಪೂರ್ಣ ಅದನ್ನು ಮರೆಯಲಿಲ್ಲ. ಮನೆಗೆ ಬಂದವರು ಹಾಡು ಎಂದರೆ, “ಬ್ಯಾಡ್ರಿ, ನಂದು ಎರಡು ಸಾವಿರದ ಹತ್ರ ಸರಿ ಇಲ್ಲ” ಎನ್ನುತ್ತಿದ್ದರು. ಬಂದವರು ಅದೇನೋ ಕಾಯಿಲೆ ಎಂದುಕೊಂಡು ಸುಮ್ಮನಾಗುತ್ತಿದ್ದರು.

ಹೋದ ವರ್ಷ ಗಣೇಶನ ಹಬ್ಬ ಕಳೆದ ವಾರ ಅನ್ನಪೂರ್ಣರ ಕುತ್ತಿಗೆಯ ಗಂಟನ್ನು ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿದರು. ಥೈರಾಯ್ಡಿನ ಗಡ್ಡೆ, ಒಳ್ಳೆಯದಲ್ಲ, ದನಿಯ ನರಕ್ಕೆ ಅಂಟಿಕೊಂಡಿದೆ ಎಂದರು ಡಾಕ್ಟರು. ತೆಗೆದರೆ ಜೀವಕ್ಕೆ ಭಯವಿಲ್ಲ. ನರವನ್ನು ಮಾತ್ರ ಉಳಿಸಲಾಗುವುದಿಲ್ಲ.

“ಮಾತಾಡ್ತೀರಮ್ಮ, ಮೆಲ್ಲಗೆ. ಹಾಡೋಕಾಗಲ್ಲ.”

ಅನ್ನಪೂರ್ಣ, “ಡಾಕ್ಟ್ರ, ಇದು ಮೊದಲಿಂದ ಎರಡು ಸಾವಿರದ ಹತ್ರ ಇದ್ದದ್ದಾ?” ಎಂದು ಕೇಳಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಶಂಭುಲಿಂಗಪ್ಪನವರು ಫೈಲನ್ನು ಮಡಿಸಿಕೊಂಡು ಎದ್ದರು.

ದಸರಾ ಹಬ್ಬದ ಮುಂಚೆ ಮನೆಯ ಹೆಂಗಸಿಗೆ ಕತ್ತಿ ತಾಗಿಸುವುದು ಬೇಡ ಎಂದು ಎರಡೂ ಕಡೆಯ ಹಿರಿಯರು ಹೇಳಿದರು. ಡಾಕ್ಟರೂ ಒಪ್ಪಿದರು. ವಿಜಯದಶಮಿಯ ಮಧ್ಯಾಹ್ನ ಆಸ್ಪತ್ರೆಗೆ ಸೇರುವುದು, ಮರುದಿನ ಆಪರೇಷನ್. ಅಲ್ಲಿಗೆ ನಾಲ್ಕು ಭಾನುವಾರ, ಒಂದು ಆಯುಧಪೂಜೆ ಉಳಿದವು.

ವಾಪಸು ಬರುವಾಗ ಆಟೋದಲ್ಲಿ ಅನ್ನಪೂರ್ಣ ಗಂಡನ ಕಡೆ ನೋಡದೆ ಕೇಳಿದರು. “ಅವ್ವನ ನಾಕು ಪದ ಅಷ್ಟ ರೀ. ನಿಮ್ಮ ರೂಮಿನಾಗ ಒಮ್ಮೆ ರೆಕಾರ್ಡ್ ಮಾಡಿಕೊಡ್ರಿ. ಆಮ್ಯಾಲ ದನಿ ಹೋದ್ರ ಹೋಗ್ಲಿ.”

ಮೂವತ್ತು ವರ್ಷಗಳಲ್ಲಿ ಅವರು ಆ ಕೋಣೆಯಿಂದ ಏನನ್ನೂ ಕೇಳಿರಲಿಲ್ಲ. ಶಂಭುಲಿಂಗಪ್ಪನವರ ಕಣ್ಣು ತುಂಬಿತು. ಅದು ಸುಳ್ಳಲ್ಲ. ಹೆಂಡತಿಯ ಕೈ ಹಿಡಿದುಕೊಂಡು, “ಮಾಡೋಣ ಕಣೆ. ಆದ್ರೆ ಸರಿಯಾಗಿ ಮಾಡೋಣ” ಎಂದರು.

ಮೊದಲ ಭಾನುವಾರ ಮೈಕು ಆರಿಸುವುದರಲ್ಲಿ ಹೋಯಿತು. ಅವರಲ್ಲಿ ಏಳು ಮೈಕುಗಳಿದ್ದವು. ಅನ್ನಪೂರ್ಣ ಬೆಳಿಗ್ಗೆ ಮಜ್ಜಿಗೆ ಮುಟ್ಟದೆ, ಬಿಸಿನೀರು ಕುಡಿದು, ಇಳಕಲ್ ಸೀರೆ ಉಟ್ಟು ಮಹಡಿಗೆ ಬಂದು ಎತ್ತರದ ಸ್ಟೂಲಿನ ಮೇಲೆ ಕೂತರು. ನೋಟುಪುಸ್ತಕ ತೊಡೆಯ ಮೇಲಿತ್ತು. ಶಂಭುಲಿಂಗಪ್ಪನವರು ಬೆರಳೆತ್ತಿದರು. ಅನ್ನಪೂರ್ಣ ಕಣ್ಣು ಮುಚ್ಚಿ ಶುರು ಮಾಡಿದರು.

“ಹಿಟ್ಟು ಬಿದ್ದಾಂಗ ಬೀಳಲಿ ಬೆಳಕ ನಮ್ಮ ಕಲ್ಲಿನ ಸುತ್ತ…”

“ಸ್ಟಾಪ್. ಸಖತ್. ಈಗ ಇದೇ ಲೈನು, ಎರಡನೇ ಮೈಕಲ್ಲಿ.”

ಏಳು ಮೈಕಿಗೆ ಏಳು ಸಲ ಮೊದಲ ಸಾಲು. ಪ್ರತಿಯೊಂದೂ ಒಂದೊಂದು ಫೈಲಾಯಿತು, ಮೈಕಿನ ಹೆಸರಿನಲ್ಲಿ. ಸೇತುರಾಮ ಸೋಫಾದಲ್ಲಿ ಕೂತು ಕೇಳುತ್ತಿದ್ದ.

“ಎಲ್ಲಾ ಒಂದೇ ಥರ ಇದ್ಯಲ್ಲೋ ಶಂಭು.”

“ನಿನ್ನ ಕಿವಿಗೆ ಇನ್ನೂ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ, ಸುಮ್ನಿರು. ಲಿನಕ್ಸ್ ಅಲ್ವಾ, ಟೈಮ್ ಹಿಡಿಯುತ್ತೆ.”

ಅನ್ನಪೂರ್ಣರೂ ನಕ್ಕರು. ಆ ಭಾನುವಾರ ನಗಲು ಸಾಧ್ಯವಿತ್ತು.

ಎರಡನೇ ಭಾನುವಾರ ಪ್ರತಿಧ್ವನಿ ಬರದಂತೆ ಕೋಣೆಯ ಗೋಡೆಗಳಿಗೆ ರಜಾಯಿ ಕಟ್ಟಿದರು. ಮನೆಯಲ್ಲಿದ್ದ ಕೌದಿಗಳೆಲ್ಲ ಮೇಲೆ ಹೋದವು. ಅವುಗಳಲ್ಲಿ ಶಿವಬಸಮ್ಮ ಹೊಲಿದದ್ದೂ ಒಂದಿತ್ತು. ಅದನ್ನು ಎಡಗೋಡೆಗೆ ಮೊಳೆ ಹೊಡೆದು ಬಿಗಿದರು. ಎಂಟು ಸಲ ಮೊದಲ ಸಾಲು ಆಯಿತು. ಒಂಬತ್ತನೆಯ ಸಲಕ್ಕೆ ಪಕ್ಕದ ಮನೆಯ ಬೋರ್‌ವೆಲ್ ಮೋಟರು ಶುರುವಾಯಿತು. “ಇವತ್ತು ಬಿಡು” ಎಂದರು ಶಂಭುಲಿಂಗಪ್ಪನವರು. ಮೋಟರು ಅರ್ಧ ಗಂಟೆಯಲ್ಲಿ ನಿಂತಿತು. ಅಷ್ಟರಲ್ಲಿ ಅವರು ಮೋಟರುಗಳ ಬಗ್ಗೆ ಗುಂಪಿನಲ್ಲಿ ಬರೆಯುತ್ತಾ ಕೂತಿದ್ದರು.

ಮೂರನೆಯ ಭಾನುವಾರ ಕಂಪ್ಯೂಟರಿಗೆ ಹೋಯಿತು. ಹಳೆಯ ವಿಂಡೋಸ್ ಯಂತ್ರ ನಡುನಡುವೆ ತಡೆಯುತ್ತದೆ, ಇಂಥ ಕೆಲಸವನ್ನು ಬಾಡಿಗೆ ಮನೆಯಲ್ಲಿ ಮಾಡಬಾರದು ಎಂದು ಅವರು ಎಸ್.ಪಿ. ರಸ್ತೆಯಿಂದ ಒಂದು ಸೆಕೆಂಡ್‌ಹ್ಯಾಂಡ್ ಮ್ಯಾಕ್ ತಂದರು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಪೆಟ್ಟಿಗೆ ಅದಕ್ಕೆ ಹೊಂದಲಿಲ್ಲ. ಅನ್ನಪೂರ್ಣ ಸೀರೆ ಉಟ್ಟು ಬಂದು ಸ್ಟೂಲಿನ ಮೇಲೆ ಎರಡು ಗಂಟೆ ಕೂತರು. ಗಂಟಲು ಒಣಗಬಾರದೆಂದು ಫ್ಲಾಸ್ಕಿನಿಂದ ಗುಟುಕು ಗುಟುಕಾಗಿ ಬಿಸಿನೀರು ಕುಡಿದರು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಹೊಂದಿತು; ಒಂಬತ್ತು ಸಲ ಮೊದಲ ಸಾಲು ಆಯಿತು, ದನಿಯ ಮಟ್ಟ ನೋಡಲಿಕ್ಕೆ.

“ಒಮ್ಮೆ ಪೂರ್ತಿ ಹಾಡಿಬಿಡ್ಲೇನ್ರಿ? ಹೆಂಗರ ಇರಲಿ.”

“ಹೆಂಗಾದ್ರೂ ಇರಲಿ ಅನ್ನೋದಕ್ಕೆ ನಾನ್ಯಾಕೆ ಬೇಕು? ತಮಟೆ ಹೊಡೆಯೋನ್ನ ಕರ್ಸು.”

ಆ ವಾರ ಅನ್ನಪೂರ್ಣರ ಅಣ್ಣನ ಮಗಳು ಮೇಘಶ್ರೀ ಬಂದಿದ್ದಳು. ಬಿಟಿಎಂನಲ್ಲಿ ನಾಲ್ವರು ಹುಡುಗಿಯರೊಂದಿಗೆ ಬಾಡಿಗೆಗಿದ್ದುಕೊಂಡು ಒಂದು ಆಫೀಸಿಗೆ ಹೋಗುತ್ತಿದ್ದವಳು. ಹಬ್ಬಕ್ಕೆ ಊರಿಗೆ ಹೊರಟಿದ್ದಳು. ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತು, ಮೇಲಿನ ಕೋಣೆಗೆ ಕೇಳದ ಹಾಗೆ ಹೇಳಿದಳು.

“ಅತ್ತಿ, ಇಲ್ಲೇ ಹಾಡು. ನಾ ಫೋನಿನಾಗ ಹಿಡೀತೀನಿ. ನಾಕು ಪದಕ್ಕ ಹದಿನೈದು ನಿಮಿಷ ಸಾಕು.”

“ಬ್ಯಾಡವ್ವ.”

“ಯಾಕ?”

“ಫೋನಿನಾಗ ಹಿಡಿದ ದನಿ ಹೆಣದ ಫೋಟೋ ಇದ್ದಾಂಗ ಅಂತಾರ ನಿಮ್ಮ ಮಾಮ. ಗುರುತು ಸಿಗ್ತದ, ಜೀವ ಇರಂಗಿಲ್ಲ.”

“ಅವರು ಅಂತಾರ. ನಿನಗ ಹಂಗ ಅನಸ್ತದೇನು?”

ಅನ್ನಪೂರ್ಣ ಒಲೆ ಸಣ್ಣದು ಮಾಡಿದರು. “ಮೂವತ್ತು ವರ್ಷದಿಂದ ಅದನ್ನ ಮಾಡ್ಯಾರವ್ವ. ಅವರಿಗೆ ಗೊತ್ತಿರತದ. ಕಡೀ ಸಲ ಹಾಡೂದು, ಹೆಣದ ಫೋಟೋ ಆಗೂದು ಬ್ಯಾಡ.”

ಮೇಘಶ್ರೀ ಫೋನನ್ನು ಚೀಲಕ್ಕೆ ಹಾಕಿದಳು. ಮರುದಿನ ಬಸ್ಸು ಹತ್ತಿದಳು. ಆಪರೇಷನ್ ದಿನ ಬೆಳಿಗ್ಗೆ ನೇರ ಆಸ್ಪತ್ರೆಗೆ ಬರುತ್ತೇನೆ ಎಂದಿದ್ದಳು.

ನಾಲ್ಕನೆಯ ಭಾನುವಾರ ಹದಿನಾರು ಸಲ ಮೊದಲ ಸಾಲು ಆಯಿತು. ಮೈಕು ತುಟಿಯಿಂದ ಎಷ್ಟು ಬೆರಳು ದೂರವಿರಬೇಕು ಎಂಬುದು ಅಂದಿನ ವಿಷಯ. ಹತ್ತನೆಯ ಸಲದ ಹೊತ್ತಿಗೆ ಅನ್ನಪೂರ್ಣರ ದನಿ ಬಳಲಿತ್ತು. ಹನ್ನೆರಡನೆಯದಕ್ಕೆ ಅವರು ಎರಡನೇ ಸಾಲಿಗೆ ಹೋಗಲು ನೋಡಿದರು. ಶಂಭುಲಿಂಗಪ್ಪನವರ ಕೈ ಮೇಲೆದ್ದಿತು. ಅನ್ನಪೂರ್ಣ ನಿಲ್ಲಿಸಿದರು. ನಿಲ್ಲಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಆ ಭಾನುವಾರ ಮುಗಿದಾಗ ನಲವತ್ತು ಫೈಲುಗಳಿದ್ದವು. ಅತಿ ಉದ್ದದ್ದು ಹನ್ನೊಂದು ಸೆಕೆಂಡು.

“ಆಯುಧಪೂಜೆ ದಿನ ಗ್ಯಾರಂಟಿ” ಎಂದರು ಶಂಭುಲಿಂಗಪ್ಪನವರು. “ಅಂಗಡಿ ಪೂಜೆ ಮುಗ್ಸಿ ಹನ್ನೊಂದಕ್ಕೆ ಬಂದುಬಿಡ್ತೀನಿ. ಎಲ್ಲಾ ಸೆಟ್ಟಾಗಿದೆ. ಕೂತ್ಕೊಳ್ಳೋದು, ಹಾಡೋದು.”

“ಪೂಜಿ ಮಾಡಿದ ಸಾಮಾನು ಅವತ್ತು ಮುಟ್ಟಬಾರದಂತಾರಲ್ರಿ.”

“ಹಾಡಿಗೆ ಬಳಸಿದ್ರೆ ಅದೂ ಪೂಜೇನೇ ಬಿಡೆ.”

ಅಷ್ಟು ಒಳ್ಳೆಯ ಮಾತನ್ನು ಅವರು ಬಹಳ ದಿನಗಳಿಂದ ಆಡಿರಲಿಲ್ಲ. ಅನ್ನಪೂರ್ಣ ಅದನ್ನು ಇಡೀ ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದರು.

ಆಯುಧಪೂಜೆಯ ಬೆಳಿಗ್ಗೆ ಬೀದಿಯ ಕಾರು ಸ್ಕೂಟರುಗಳಿಗೆಲ್ಲ ಬಾಳೆಕಂದು, ಚೆಂಡುಹೂವು ಬಂದವು. ಒಡೆದ ಬೂದುಗುಂಬಳಕಾಯಿಯ ಕುಂಕುಮ ಮೆತ್ತಿದ ತಿರುಳು ರಸ್ತೆಯ ತಿರುವುಗಳಲ್ಲಿ ಬಿದ್ದಿತ್ತು. ಗಂಡ ಅಂಗಡಿಗೆ ಹೋದ ಮೇಲೆ ಅನ್ನಪೂರ್ಣ ತಲೆಗೆ ನೀರು ಹಾಕಿಕೊಂಡು, ವಿಭೂತಿಗಟ್ಟಿಯನ್ನು ನೀರಿನಲ್ಲಿ ನೆನೆಸಿ, ತಟ್ಟೆ ಹಿಡಿದು ಮಹಡಿ ಹತ್ತಿದರು. ಪ್ರತಿವರ್ಷ ಆ ಯಂತ್ರಗಳಿಗೆ ಪೂಜೆ ಮಾಡುವವರು ಅವರೇ. ಮರದ ಅಂಚು ಇದ್ದಲ್ಲಿ ಅಂಚಿಗೆ, ಇಲ್ಲದಲ್ಲಿ ಬದಿಗೆ ಮೂರು ಬೆರಳಿನಿಂದ ಮೂರು ಗೆರೆ ಎಳೆಯುವುದು, ಮೇಲೊಂದು ಹೂವು. ಹನ್ನೊಂದು ಸಿಂಥಸೈಜರುಗಳಾದವು, ಹೊಸ ಕಂಪ್ಯೂಟರೂ ಆಯಿತು. ಆ ವರ್ಷ ಮೊದಲ ಸಲ ಅವರು ಮೈಕಿನ ಮುಂದೆ ನಿಂತರು. ಕೈ ಜೋಡಿಸಿದರು. ಅದರ ತಂತಿಬಲೆಯ ಮೇಲೆ, ಹಣೆಗೆ ಇಟ್ಟಷ್ಟೇ ಹಗುರವಾಗಿ, ಮೂರು ಗೆರೆ ಎಳೆದರು.

ಹನ್ನೊಂದೂವರೆಗೆ ಶುರುವಾಯಿತು. ಶಂಭುಲಿಂಗಪ್ಪನವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮಟ್ಟದ ಮುಳ್ಳಿನ ಮೇಲೆ ಕಣ್ಣಿಟ್ಟು ಬೆರಳೆತ್ತಿದರು. ಅನ್ನಪೂರ್ಣ ಹಾಡಿದರು. ಮೊದಲ ಸಾಲು ಮುಗಿಯಿತು. ಕೈ ಮೇಲೇಳಲಿಲ್ಲ. ಅವರು ಉಸಿರೆಳೆದುಕೊಂಡು ಎರಡನೇ ಸಾಲನ್ನು ಎತ್ತಬೇಕು ಎನ್ನುವಷ್ಟರಲ್ಲಿ ಹೆಡ್‌ಫೋನಿನಲ್ಲಿ ಚಟಪಟ ಎಂದಿತು, ಒಣಗಿದ ಎಲೆ ತುಳಿದ ಹಾಗೆ.

“ಸ್ಟಾಪ್.”

ಶಂಭುಲಿಂಗಪ್ಪನವರು ಎದ್ದು ಬಂದು ಮೈಕನ್ನು ನೋಡಿದರು. ಒಣಗಿದ ವಿಭೂತಿ ಬಲೆಯ ಕಣ್ಣುಗಳಲ್ಲಿ ಬಿಳಿಯಾಗಿ ಕೂತಿತ್ತು.

“ಇದೇನೇ?”

“ಪೂಜಿ…”

“ಕಂಡೆನ್ಸರ್ ಮೈಕ್ ಕಣೆ ಇದು. ಒಳಗಿರೋ ಪೊರೆ ಕೂದಲಿಗಿಂತ ತೆಳುವು. ಅದರ ಮೇಲೆ ಬೂದಿ ಬಳಿದಿದ್ದೀಯ.”

“ಒರಸ್ತೀನಿ ತಡೀರಿ.”

“ಮುಟ್ಟಬೇಡ! ಒರೆಸೋಕೆ ಅದೇನು ಹಂಚಾ? ಮೂವತ್ತು ವರ್ಷದಿಂದ ಈ ಮನೇಲಿದ್ದೀಯ. ಯಾವುದಕ್ಕೆ ಬೂದಿ ಬಳೀಬೇಕು, ಯಾವುದಕ್ಕೆ ಬಳೀಬಾರ್ದು ಅಂತ ಗೊತ್ತಾಗ್ಲಿಲ್ಲ. ನಿಂಗೋಸ್ಕರ ಮಾಡ್ತಿದ್ದೆ. ನೀನೇ ಕೈಯಾರೆ ಹಾಳ್ಮಾಡ್ಕೊಂಡೆ. ಇನ್ನು ಅತ್ತು ಪ್ರಯೋಜನ ಇಲ್ಲ, ಇಳಿ ಕೆಳಗೆ.”

ಹೀಗೆ ಹೇಳುವಾಗ ಅವರ ಹಣೆಯ ಮೇಲೆ ಅದೇ ವಿಭೂತಿಯ ಮೂರು ಗೆರೆ ಇತ್ತು. ಅನ್ನಪೂರ್ಣ ಅಳುತ್ತಿರಲಿಲ್ಲ. ನೋಟುಪುಸ್ತಕ ಮುಚ್ಚಿಕೊಂಡು, ಸ್ಟೂಲಿನಿಂದ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಕೆಳಗಿಟ್ಟು, ಮೆಟ್ಟಿಲಿಳಿದು ಹೋದರು. ಮುಟ್ಟಬಾರದೆಂದು ಗೊತ್ತಿದ್ದೂ ಪೂಜೆಯ ದಿನ ಮುಟ್ಟಿದೆವಲ್ಲ ಎಂಬುದೂ ಅವರ ಮನಸ್ಸಿಗೆ ಬಂತು. ಅದನ್ನೂ ಅವರು ತಮ್ಮ ತಪ್ಪಿಗೇ ಸೇರಿಸಿಕೊಂಡರು.

ಸಂಜೆ ಐದಕ್ಕೆ ಸೇತುರಾಮ ಪುರಿ, ಸಿಹಿಯ ಪೊಟ್ಟಣ ಹಿಡಿದು ಬಂದ. ಶಂಭುಲಿಂಗಪ್ಪನವರು ಮೈಕನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟುಕೊಂಡು ಕೂತಿದ್ದರು. ನಡೆದದ್ದನ್ನು ಹೇಳಿದರು.

“ಬೂದಿ ಹೊರಗಿನ ಬಲೇಲೇ ಇದ್ಯಲ್ಲೋ. ಒಳಗೆ ಹೋಗೇ ಇಲ್ಲ” ಎಂದ ಸೇತುರಾಮ. “ಕೇಬಲ್ ಬದಲಾಯಿಸಿ ನೋಡಿದ್ಯಾ?”

“ಹಸಿರು ಟೇಪ್ ಕೇಬಲ್ ಅದು.”

“ಹಸಿರೋ ಕೆಂಪೋ, ಬದಲಾಯಿಸಿ ನೋಡು ಮಗಾ.”

ಶಂಭುಲಿಂಗಪ್ಪನವರು ಮೈಕನ್ನು ಜೋಡಿಸಿದರು. ಬೇರೆ ಕೇಬಲ್ ಹಾಕಿದರು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಶುದ್ಧವಾದ, ಆಳವಾದ ಮೌನ. ಹಳೆಯ ಕೇಬಲ್ ಹಾಕಿದರು. ಚಟಪಟ. ತುದಿಯ ಟೇಪು ಬಿಚ್ಚಿದರೆ ಒಳಗೆ ಬೆಸುಗೆ ಬಿರುಕು ಬಿಟ್ಟಿತ್ತು, ಅವರದೇ ಬೆಸುಗೆ.

ಸೇತುರಾಮ ನಗಲು ಹೋಗಿ, ಮುಖ ನೋಡಿ ನಿಲ್ಲಿಸಿದ. “ಸರಿ, ಆಯ್ತಲ್ಲ. ಇನ್ನೂ ಐದೂಕಾಲು. ಕರಿ ಅವರನ್ನ.”

ಶಂಭುಲಿಂಗಪ್ಪನವರು ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟರು.

“ಶಂಭು, ಕರಿಯೋ. ನಾಳೆ ಮಧ್ಯಾಹ್ನ ಅಡ್ಮಿಟ್ ಅಲ್ವಾ?”

“ನಾಳೆ ಬೆಳಿಗ್ಗೆ ಮಾಡ್ತೀನಿ. ಈಗ ಅವಳ ವಾಯ್ಸ್ ಸರಿಯಿರಲ್ಲ.”

“ಕೇಬಲ್‌ದು ಅಂತಾನಾದ್ರೂ ಹೇಳಿ ಬಾ. ಅವರು ಕೆಳಗೆ ಹೆಂಗೆ ಕೂತಿದ್ದಾರೆ ನೋಡಿದ್ಯಾ?”

“ನನ್ನ ಹೆಂಡ್ತಿ ಹತ್ರ ನಾನು ಮಾತಾಡ್ಕೋತೀನಿ. ನೀನು ಪುರಿ ತಿನ್ನು.”

ಬೆಸುಗೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಅವರು ಹೊಸ ಹಸಿರು ಟೇಪು ಸುತ್ತಿದರು. ಸೇತುರಾಮ ಹೋಗುವಾಗ ಹಜಾರದಲ್ಲಿ ಅನ್ನಪೂರ್ಣ ಆಸ್ಪತ್ರೆಗೆ ಬೇಕಾದ ಬಟ್ಟೆ ಮಡಿಸುತ್ತಿದ್ದರು. ಅವನ ಬಾಯಿಗೆ ಮಾತು ಬಂತು. ಗಂಡ ಹೆಂಡಿರ ನಡುವೆ ತಾನ್ಯಾಕೆ ಎಂದುಕೊಂಡು ಚಪ್ಪಲಿ ಮೆಟ್ಟಿದ.

ವಿಜಯದಶಮಿಯ ಬೆಳಿಗ್ಗೆ ಏಳಕ್ಕೇ ಶಂಭುಲಿಂಗಪ್ಪನವರು ಮಹಡಿಯಲ್ಲಿ ಎಲ್ಲವನ್ನೂ ಸಿದ್ಧಮಾಡಿದರು. ಮೈಕು ಶುದ್ಧವಾಗಿತ್ತು. ಪಕ್ಕದ ಮನೆಯವರು ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ಮೋಟರೂ ಇರಲಿಲ್ಲ. ಬೀದಿಯೇ ಮಲಗಿತ್ತು. ನಾಲ್ಕು ವಾರಗಳಲ್ಲಿ ಅಂಥ ನಿಶ್ಶಬ್ದ ಸಿಕ್ಕಿರಲಿಲ್ಲ. ಅವರು ಕೆಳಗೆ ಬಂದರು. ಅನ್ನಪೂರ್ಣ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರು.

“ಬಾ, ಮೇಲೆ ಬಾ. ಮಾಡಿಬಿಡೋಣ.”

“ಬ್ಯಾಡ್ರಿ.”

“ಯಾಕೆ? ಬೇರೆ ಮೈಕ್ ಹಾಕಿದೀನಿ” ಎಂದರು. ಅದೇ ಮೈಕಾಗಿತ್ತು.

“ಒಂದು ಹಾಳು ಮಾಡೀನಿ. ಇನ್ನೊಂದು ಆಗೂದು ಬ್ಯಾಡ. ನನ್ನ ಕೈಗುಣ ಸರಿ ಇಲ್ಲ. ದನಿನೂ ಸರಿ ಇರಲಿಲ್ಲ ಬಿಡ್ರಿ, ಮೊದಲಿಂದ.”

ಶಂಭುಲಿಂಗಪ್ಪನವರು ನಿಂತಿದ್ದರು. ಹಾಳಾಗಿದ್ದು ಕೇಬಲ್ಲು, ಬೆಸುಗೆ ನಂದು: ಇಷ್ಟು ಹೇಳಿದ್ದರೆ ಸಾಕಿತ್ತು. ಅನ್ನಪೂರ್ಣ ಎದ್ದು ಬರುತ್ತಿದ್ದರು, ಕಣ್ಣು ಮುಚ್ಚಿ ನಾಲ್ಕು ಪದಗಳನ್ನೂ ಹಾಡಿಬಿಡುತ್ತಿದ್ದರು. ಮೇಲೆ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ಬತ್ತಿಗಳು ತಟ್ಟೆಯಲ್ಲಿ ಒಂದೊಂದಾಗಿ ಸೇರುತ್ತಿದ್ದವು.

“ಸರಿ ಬಿಡು” ಎಂದರು.

ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರು ಹೇಳಿದಂತೆಯೇ ಅನ್ನಪೂರ್ಣರ ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಮಾತಾಡಿದರೆ ಸೀರೆ ಮಡಿಸಿದ ಹಾಗೆ ಕೇಳುತ್ತದೆ. ಕುಕ್ಕರ್ ಕೂಗುವಾಗ ಏನೂ ಕೇಳುವುದಿಲ್ಲ.

ಡಿಸೆಂಬರಿನಲ್ಲಿ ಶಂಭುಲಿಂಗಪ್ಪನವರು ನಲವತ್ತೊಂದು ಫೈಲುಗಳಲ್ಲಿ ಏಳನ್ನು ಆರಿಸಿ, ಒಂದರ ಹಿಂದೊಂದು ಜೋಡಿಸಿ, ಏಳು ಮೈಕುಗಳ ಹೋಲಿಕೆ ಎಂದು ಗುಂಪಿನಲ್ಲಿ ಹಾಕಿದರು. ಅವರ ಯಾವ ಬರಹಕ್ಕೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. “ಸಖತ್ ಗುರು.” “ಮೂರನೇದು ಬೆಂಕಿ.” “ಐದನೇದ್ರಲ್ಲಿ ಬಾಟಮ್ ಚೆನ್ನಾಗಿದೆ ಸಾರ್.” ಒಬ್ಬ ಕೇಳಿದ: “ವೋಕಲ್ ಯಾರ್ದು ಅಣ್ಣ?”

ಸೇತುರಾಮ ತನ್ನ ಮನೆಯಲ್ಲಿ ಕೂತು ಪರದೆಯನ್ನು ನೋಡುತ್ತಿದ್ದ. ಶಂಭುಲಿಂಗಪ್ಪನವರು ಟೈಪು ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

“ಟೆಸ್ಟ್ ವಾಯ್ಸ್” ಎಂದು ಬಂತು.

ಯುಗಾದಿಗೆ ಮೇಘಶ್ರೀ ಬಂದವಳು ಆ ಫೈಲುಗಳನ್ನು ಮಾವನಿಂದ ಇಸಿದುಕೊಂಡು, ಹೆಡ್‌ಫೋನ್ ಹಾಕಿಕೊಂಡು ನಲವತ್ತೊಂದನ್ನೂ ಕೇಳಿದಳು. ಕೊನೆಯದರಲ್ಲಿ ಅತ್ತೆ ಉಸಿರೆಳೆದುಕೊಳ್ಳುವುದು ಕೇಳಿತು, ಆಮೇಲೆ ಮಾವನ ‘ಸ್ಟಾಪ್’. ಅವಳು ನೋಟುಪುಸ್ತಕದ ಎರಡನೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

“ಮಾಮ, ಇದರ ಧಾಟಿ ಹೆಂಗಿತ್ತು? ಮ್ಯಾಲ ಏಳತಿತ್ತೋ, ಕೆಳಗ ಇಳೀತಿತ್ತೋ? ನೀವು ದಿನಾ ಕೇಳೀರಲ್ಲ.”

ಶಂಭುಲಿಂಗಪ್ಪನವರು ಬಾಯಿ ತೆರೆದರು. ಅನ್ನಪೂರ್ಣ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದರು. ಶಂಭುಲಿಂಗಪ್ಪನವರು ನೆನಪು ಮಾಡಿಕೊಳ್ಳಲು ನೋಡಿದರು.

“ಮೂರನೇ ಮೈಕಲ್ಲಿ ಮಿಡ್ಸ್ ಎಷ್ಟು ಕ್ಲಿಯರಾಗಿದೆ, ಗಮನಿಸಿದ್ಯಾ?” ಎಂದರು.

ಈ ವರ್ಷದ ಆಯುಧಪೂಜೆಗೆ ಅನ್ನಪೂರ್ಣ ಎಂದಿನಂತೆ ತಟ್ಟೆ ಹಿಡಿದು ಮಹಡಿ ಹತ್ತಿದರು. ಸೇತುರಾಮನೂ ಬಂದಿದ್ದ. ಸಿಂಥಸೈಜರುಗಳು ಹನ್ನೆರಡಾಗಿದ್ದವು. ಹನ್ನೆರಡಕ್ಕೂ ಮೂರು ಗೆರೆ, ಒಂದು ಹೂವು. ಗೋಡೆಗೆ ತೂಗುಬಿಟ್ಟ ಹಸಿರು ಟೇಪಿನ ಕೇಬಲ್ಲುಗಳಿಗೂ ಒಂದೊಂದು ಬೊಟ್ಟು. ಮೈಕಿನ ಹತ್ತಿರ ಬಂದಾಗ ಅವರು ಸೆರಗನ್ನು ಎಳೆದುಕೊಂಡು, ತಟ್ಟೆಯನ್ನು ಆಚೆ ಹಿಡಿದು, ತಾಗದ ಹಾಗೆ ಸುತ್ತಿ ಹೋದರು.

ಹಬ್ಬದ ದಿನ ಮನಸ್ಸು ಹಗುರವಾಗಿದ್ದ ಶಂಭುಲಿಂಗಪ್ಪನವರು, “ಅದೊಂದನ್ನ ಯಾಕೆ ಬಿಟ್ಟೆ? ಅದಕ್ಕೂ ಇಡು” ಎಂದರು.

ಅನ್ನಪೂರ್ಣ ತಿರುಗಿ ನೋಡಿದರು. ಆ ದನಿ ಕೇಳಿಸಿಕೊಳ್ಳಲು ಇಬ್ಬರೂ ಸ್ವಲ್ಪ ಮುಂದಕ್ಕೆ ಬಾಗಬೇಕಾಯಿತು.

“ಬ್ಯಾಡ್ರಿ. ವಿಭೂತಿ ಹತ್ತಿದ್ರ ಹಾಳಾಗತದ.”

ಸೇತುರಾಮ ಗೆಳೆಯನ ಮುಖ ನೋಡಿದ.

“ಹೌದು” ಎಂದರು ಶಂಭುಲಿಂಗಪ್ಪನವರು. “ಹಾಳಾಗುತ್ತೆ.”